ಖೊಟ್ಟಿ ತಾಮ್ರಪಟ, ಸಾಚಾ ಸಂಶೋಧನೆ

(ಸಂಶೋಧನೆಗೆ ಹೊಸದಾಗಿ ಹೆಸರು ನೋಂದಾಯಿಸಿದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಪಾಠ)



ಸಂಶೋಧನೆ ಎಂದರೇನು, ಅದರ ಲಕ್ಷಣಗಳೇನು, ಹಂತಗಳೆಷ್ಟು ಎಂಬುದನ್ನೆಲ್ಲ ತರಗತಿಯಲ್ಲಿ ನೀವು ಈಗಾಗಲೇ ಬರೆದುಕೊಂಡಿದ್ದೀರಿ. ವ್ಯಾಖ್ಯೆಗಳು ಪರೀಕ್ಷೆಗೆ ಸಾಕು. ಕೆಲಸಕ್ಕೆ ಕೂತಾಗ ಅವು ಅಷ್ಟಾಗಿ ಒದಗುವುದಿಲ್ಲ. ಆದ್ದರಿಂದ ಈ ಮಾತು ವ್ಯಾಖ್ಯೆಯ ಬದಲು ಒಂದು ತಾಮ್ರಪಟದ ಕತೆಯಿಂದ ಆರಂಭವಾಗಲಿ.

ಆ ಪಟ ದೊರೆತದ್ದು ಮಡಿಕೇರಿಯ ಖಜಾನೆಯಲ್ಲಿ. 1872ರಲ್ಲಿ ಹೊರಟ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯ ಮೊದಲ ಸಂಪುಟದಲ್ಲೇ ಅದು ಅಚ್ಚಾಗಿ ವಿದ್ವಾಂಸರ ಕಣ್ಣಿಗೆ ಬಿತ್ತು. ಗಂಗವಂಶದ ದೊರೆ ಅವಿನೀತನ ಕಾಲದಲ್ಲಿ ಬದಣೆಗುಪ್ಪೆ ಎಂಬ ಊರನ್ನು ತಲಕಾಡಿನ ಜಿನಾಲಯವೊಂದಕ್ಕೆ ದತ್ತಿ ಬಿಟ್ಟದ್ದನ್ನು ಅದು ಹೇಳುತ್ತದೆ. ಕೊಟ್ಟಿರುವ ವರ್ಷ 388. ಅದನ್ನು ಶಕವರ್ಷವೆಂದು ಹಿಡಿದರೆ ಕ್ರಿ.ಶ. 466 ಆಗುತ್ತದೆ. ಸಂಸ್ಕೃತದ ಜೊತೆಗೆ ಪಟದಲ್ಲಿ ಹಳಗನ್ನಡವೂ ಇದೆ. ಹಲ್ಮಿಡಿಯ ಕಲ್ಲು ಆಗಿನ್ನೂ ಯಾರ ಗಮನಕ್ಕೂ ಬಂದಿರಲಿಲ್ಲ. ಐದನೆಯ ಶತಮಾನದ ಕನ್ನಡ, ಇಸವಿ ಸಮೇತ ತಾಮ್ರದ ಮೇಲೆ ಸಿಕ್ಕಿತು ಎಂದರೆ ಯಾರಿಗೆ ಸಂತೋಷವಾಗದು? ಪಟದಲ್ಲಿ ಕೊಂಡಕುಂದಾನ್ವಯದ ಹೆಸರಿದ್ದುದರಿಂದ ಜೈನ ಆಚಾರ್ಯ ಕುಂದಕುಂದರ ಕಾಲವನ್ನು ಲೆಕ್ಕ ಹಾಕಲು ಹೊರಟವರಿಗೂ ಅದು ಆಧಾರವಾಯಿತು. ಒಂದು ಪಟದ ಮೇಲೆ ಹೀಗೆ ಎರಡು ಮೂರು ಅಂತಸ್ತಿನ ಮನೆ ಎದ್ದಿತು.

ಆದರೆ ಪಟದೊಳಗೇ ಒಂದು ತೊಡಕಿತ್ತು. ಅದರಲ್ಲಿ 'ಅಕಾಲವರ್ಷ ಪೃಥ್ವೀವಲ್ಲಭ' ಎಂಬಾತನ ಮಂತ್ರಿಯ ಪ್ರಸ್ತಾಪ ಬರುತ್ತದೆ. ಅಕಾಲವರ್ಷ ಎಂಬುದು ರಾಷ್ಟ್ರಕೂಟ ದೊರೆಗಳಾದ ಕೃಷ್ಣರು ಧರಿಸಿದ ಬಿರುದು. ಅವರಲ್ಲಿ ಮೊದಲಿಗನಾದ ಒಂದನೆಯ ಕೃಷ್ಣ ಆಳಿದ್ದೇ ಎಂಟನೆಯ ಶತಮಾನದಲ್ಲಿ. 466ರಲ್ಲಿ ಬರೆದವನಿಗೆ ಮುನ್ನೂರು ವರ್ಷಗಳ ನಂತರ ಬರಲಿರುವ ರಾಜರ ಬಿರುದು ಹೇಗೆ ತಿಳಿಯಿತು? ಅಕ್ಷರಗಳ ರೂಪವೂ ಐದನೆಯ ಶತಮಾನಕ್ಕೆ ಹೊಂದುವುದಿಲ್ಲವೆಂದು ಲಿಪಿತಜ್ಞರು ಹೇಳಿದರು. ಮಡಿಕೇರಿಯ ಪಟ ಅವಿನೀತನ ಕಾಲದ್ದಲ್ಲ. ನಾಲ್ಕೈದು ಶತಮಾನಗಳ ತರುವಾಯ ಯಾರೋ ಅವನ ಹೆಸರಿನಲ್ಲಿ ಬರೆಸಿದ್ದು. ಶಾಸನಶಾಸ್ತ್ರದಲ್ಲಿ ಇಂಥದಕ್ಕೆ ಕೂಟಶಾಸನ ಎಂದು ಹೆಸರು. ಹಳ್ಳಿಯ ಮಾತಿನಲ್ಲಿ ಖೊಟ್ಟಿ ದಸ್ತಾವೇಜು.

ಕೂಟಶಾಸನ ಇಂದಿನವರು ಕಟ್ಟಿದ ಪದವಲ್ಲ. ಉತ್ತರ ಪ್ರದೇಶದ ಮಧುಬನ್‌ನಲ್ಲಿ ಸಿಕ್ಕಿರುವ ಹರ್ಷವರ್ಧನನ ತಾಮ್ರಪಟದಲ್ಲಿ, ಅಂದರೆ ಸುಮಾರು ಕ್ರಿ.ಶ. 631ರಲ್ಲೇ ಈ ಪದ ಬಳಕೆಯಾಗಿದೆ. ವಾಮರಥ್ಯ ಎಂಬ ಬ್ರಾಹ್ಮಣ ಕೂಟಶಾಸನದ ಬಲದ ಮೇಲೆ ಸೋಮಕುಂಡಕ ಎಂಬ ಊರನ್ನು ಅನುಭವಿಸುತ್ತಿದ್ದ. ಅದು ತಿಳಿದ ಹರ್ಷ ಆ ಶಾಸನವನ್ನು ಒಡೆಸಿ, ಊರನ್ನು ಬೇರೆಯವರಿಗೆ ಕೊಟ್ಟ. ರಾಜಶಾಸನವನ್ನು ಕೃತಕವಾಗಿ ಸೃಷ್ಟಿಸಿದವನಿಗೆ ಮನುಸ್ಮೃತಿ ಮರಣದಂಡನೆಯನ್ನೇ ವಿಧಿಸುತ್ತದೆ. ಶಿಕ್ಷೆ ಅಷ್ಟು ಕಠಿಣವಾಗಿತ್ತು ಎಂದ ಮೇಲೆ ಆಸೆಯೂ ಅಷ್ಟೇ ದೊಡ್ಡದಿತ್ತು ಎಂದಾಯಿತು. ತಾಮ್ರಪಟ ಎಂದರೆ ಅಂದಿನ ಪಹಣಿ, ಅಂದಿನ ಕ್ರಯಪತ್ರ. ಮಠಕ್ಕೆ, ಬಸದಿಗೆ, ಅಗ್ರಹಾರಕ್ಕೆ ತಲೆಮಾರುಗಳಿಂದ ಜಮೀನು ನಡೆದುಬಂದಿರುತ್ತದೆ. ಕಾಗದಪತ್ರ ಇರುವುದಿಲ್ಲ, ಇದ್ದದ್ದು ಸುಟ್ಟೋ ಕಳೆದೋ ಹೋಗಿರುತ್ತದೆ. ಹೊಸ ಅರಸ ಬಂದು 'ನಿಮ್ಮ ದಾಖಲೆ ತೋರಿಸಿ' ಎಂದಾಗ ಅಕ್ಕಸಾಲಿಗನೊಬ್ಬನನ್ನೂ ಪಂಡಿತನೊಬ್ಬನನ್ನೂ ಹುಡುಕಬೇಕಾಗುತ್ತಿತ್ತು. ಕೆಲವರಂತೂ ಮಿತಿಯನ್ನೇ ಮೀರಿದರು. ಮಹಾಭಾರತದ ಜನಮೇಜಯನೇ ಸರ್ಪಯಾಗ ಮಾಡಿದ ಸಂದರ್ಭದಲ್ಲಿ ತಮ್ಮ ಊರನ್ನು ದಾನ ಕೊಟ್ಟನೆಂದು ಹೇಳುವ ತಾಮ್ರಪಟಗಳು ಶಿವಮೊಗ್ಗದ ಸೀಮೆಯಲ್ಲಿ ದೊರೆತಿವೆ!

ಇಂಥ ಪಟಗಳ ವಿಚಾರದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಬ್ಬರು ದೊಡ್ಡ ವಿದ್ವಾಂಸರ ನಡುವೆ ವಾದ ಹತ್ತಿಕೊಂಡಿತು. ಅದು ಮೂರು ದಶಕಕ್ಕೂ ಹೆಚ್ಚು ಕಾಲ ನಡೆಯಿತು. ಸಂಶೋಧನೆಯ ಗುಣ, ವಿಧಾನ, ನೀತಿ ಮೂರನ್ನೂ ಒಟ್ಟಿಗೆ ಕಾಣಬೇಕಾದರೆ ಕರ್ನಾಟಕದ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ಪ್ರಸಂಗ ಸಿಗುವುದು ಕಷ್ಟ.

ಒಬ್ಬರು ಬೆಂಜಮಿನ್ ಲೂಯಿಸ್ ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು, ಪಾದ್ರಿಯ ಮಗ. ಮೇಷ್ಟರಾಗಿದ್ದು, ಮುಂದೆ ಮೈಸೂರು ಮತ್ತು ಕೊಡಗಿನ ವಿದ್ಯಾ ಇಲಾಖೆಯ ಮುಖ್ಯಸ್ಥರಾದರು. 1865ರಲ್ಲಿ ಮೇಜರ್ ಡಿಕ್ಸನ್ ತೆಗೆದ ಶಾಸನಗಳ ಛಾಯಾಚಿತ್ರಗಳನ್ನು ಓದಿ ಅನುವಾದಿಸುವ ಕೆಲಸ ಇವರಿಗೆ ಬಂತು. ಅದು 1879ರಲ್ಲಿ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಎಂಬ ಗ್ರಂಥವಾಯಿತು. ಅಲ್ಲಿಂದ ಹಿಡಿದ ಹುಚ್ಚು ಬಿಡಲಿಲ್ಲ. 1886ರಿಂದ 1904ರ ಸುಮಾರಿಗೆ 'ಎಪಿಗ್ರಾಫಿಯ ಕರ್ನಾಟಿಕ'ದ ಹನ್ನೆರಡು ಸಂಪುಟಗಳು ಹೊರಬಂದವು. ಒಂಬತ್ತು ಸಾವಿರದಷ್ಟು ಶಾಸನಗಳು! ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು 1892ರಲ್ಲಿ ಗುರುತಿಸಿದವರೂ ಇವರೇ.

ಇನ್ನೊಬ್ಬರು ಜಾನ್ ಫೇತ್‌ಫುಲ್ ಫ್ಲೀಟ್. 1847ರಲ್ಲಿ ಹುಟ್ಟಿ, 1867ರಲ್ಲಿ ಮುಂಬಯಿ ಪ್ರಾಂತ್ಯದ ಸಿವಿಲ್ ಸೇವೆಗೆ ಸೇರಿದವರು. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಅಧಿಕಾರಿಯಾಗಿದ್ದಾಗ ಕನ್ನಡ ಕಲಿತರು. ಸಂಗೊಳ್ಳಿ ರಾಯಣ್ಣನ ಮೇಲಿನ, ಹಲಗಲಿಯ ಬೇಡರ ಮೇಲಿನ ಲಾವಣಿಗಳನ್ನು ಸಂಗ್ರಹಿಸಿ ಪ್ರಕಟಿಸಿದ್ದು ಈ ಬ್ರಿಟಿಷ್ ಅಧಿಕಾರಿಯೇ ಎಂಬುದು ಸೋಜಿಗದ ಸಂಗತಿ. 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸ ಬರೆದರು. 1883ರಲ್ಲಿ ಭಾರತ ಸರ್ಕಾರದ ಮೊದಲ ಶಾಸನತಜ್ಞರಾಗಿ ನೇಮಕಗೊಂಡರು. ಸ್ವಭಾವದಲ್ಲಿ ಕಟು. ಲೆಕ್ಕಪತ್ರ ತನಿಖೆಗೆ ಬಂದ ಅಧಿಕಾರಿಯಂತೆ ಶಾಸನ ಓದುತ್ತಿದ್ದರು ಎಂದರೆ ತಪ್ಪಾಗಲಾರದು.

ಗಂಗರ ಆರಂಭದ ಇತಿಹಾಸಕ್ಕೆ ಹೆಚ್ಚಾಗಿ ತಾಮ್ರಪಟಗಳೇ ಆಧಾರ. ರೈಸ್ ಅವುಗಳನ್ನು ನಂಬಿದರು. ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಮನೆತನಗಳ ಬಳಿ, ಬೇರೆ ಬೇರೆ ಕಾಲದಲ್ಲಿ ಸಿಕ್ಕ ಪಟಗಳು ಒಂದೇ ವಂಶಾವಳಿಯನ್ನು ಹೇಳುತ್ತಿರುವಾಗ ಎಲ್ಲವೂ ಸುಳ್ಳಾಗಲು ಹೇಗೆ ಸಾಧ್ಯ ಎಂಬುದು ಅವರ ವಾದದ ತಿರುಳು. ಫ್ಲೀಟ್ ನಂಬಲಿಲ್ಲ. ಎಂಟನೆಯ ಶತಮಾನದಿಂದೀಚೆಗೆ ಕಲ್ಲಿನ ಶಾಸನಗಳು ಸಿಗುತ್ತವೆ, ಅಲ್ಲಿಂದ ಗಂಗರ ಇತಿಹಾಸ ಸರಿ. ಅದಕ್ಕೆ ಹಿಂದಿನದೆಲ್ಲ ಮುಂದೆ ಯಾರೋ ಹೆಣೆದ ವಂಶಾವಳಿ ಎಂದು ಅವರು ಸಾರಿದರು. ಒಂದಾದ ಮೇಲೊಂದು ಪಟವನ್ನು ಕೂಟಶಾಸನವೆಂದು ತಳ್ಳಿಹಾಕಿದರು. 1901ರಲ್ಲಿ ಇಡೀ ಭಾರತದ ಕೂಟಶಾಸನಗಳ ಉದ್ದದ ಪಟ್ಟಿಯನ್ನೇ ಅಚ್ಚು ಹಾಕಿಸಿದರು.

ಒಂದು ಪಟ ಸಾಚಾ ಅಥವಾ ಖೊಟ್ಟಿ ಎಂದು ಹೇಳುವುದು ಹೇಗೆ? ಫ್ಲೀಟರಿಗೆ ಅಂತರಂಗದಲ್ಲಿ ಏನು ಅನ್ನಿಸಿತು ಎಂಬುದು ಪ್ರಮಾಣವಲ್ಲ. ಬೇರೆಯವರೂ ಮಾಡಿ ನೋಡಬಹುದಾದ ಪರೀಕ್ಷೆ ಬೇಕು. ಮೊದಲನೆಯದು ಲಿಪಿ. ಕನ್ನಡದ ಅಕ್ಷರಗಳು ಎಲ್ಲವೂ ಒಂದೇ ವೇಗದಲ್ಲಿ ರೂಪ ಬದಲಿಸಿಲ್ಲ. ಖ, ಜ, ಬ, ಲ ಮುಂತಾದ ಕೆಲವು ಅಕ್ಷರಗಳಲ್ಲಿ ಹಳೆಯ ಚೌಕಾಕಾರ ಹೋಗಿ ದುಂಡನೆಯ ಹೊಸ ರೂಪ ಬಂದದ್ದು ಸ್ಪಷ್ಟವಾಗಿ ಕಾಣುತ್ತದೆ. ಫ್ಲೀಟ್ ಇವನ್ನೇ ಒರೆಗಲ್ಲಾಗಿ ಇಟ್ಟುಕೊಂಡರು. ಕಾಲ ಖಚಿತವಾಗಿ ಗೊತ್ತಿರುವ ಶಾಸನಗಳಲ್ಲಿ ಹೊಸ ರೂಪ ಯಾವಾಗ ಮೊದಲು ಬರುತ್ತದೆಂದು ಗುರುತು ಮಾಡಿಕೊಂಡು, ಅದಕ್ಕಿಂತ ಹಿಂದಿನದೆಂದು ಹೇಳಿಕೊಳ್ಳುವ ಪಟದಲ್ಲಿ ಆ ರೂಪ ಕಂಡರೆ ಅನುಮಾನಿಸಿದರು.

ಎರಡನೆಯದು ಪಂಚಾಂಗ. ಇದರ ಸೊಗಸು ನಮ್ಮ ಹಳ್ಳಿಯ ಜೋಯಿಸರಿಗೂ ಗೊತ್ತಾಗುವಂಥದ್ದು. ಒಂದು ಪಟದಲ್ಲಿ ಮಾಘ ಶುದ್ಧ ಪಂಚಮಿಯ ದಿನ ಸ್ವಾತಿ ನಕ್ಷತ್ರ ಎಂದು ಬರೆದಿದ್ದರೆ ಅಲ್ಲೇ ನಿಲ್ಲಬೇಕು. ಮಾಘದ ಹುಣ್ಣಿಮೆಗೆ ಚಂದ್ರ ಮಖಾ ನಕ್ಷತ್ರದ ಆಸುಪಾಸಿನಲ್ಲಿರುತ್ತಾನೆ. ಅದಕ್ಕೆ ಹತ್ತು ದಿನ ಮೊದಲು ಅವನು ಇರಬೇಕಾದದ್ದು ಉತ್ತರಾಭಾದ್ರ, ರೇವತಿ, ಅಶ್ವಿನಿಯ ಕಡೆ. ಸ್ವಾತಿ ಬರುವುದು ಬಹುಳದಲ್ಲಿ. ಗ್ರಹಣ ಹೇಳಿದ್ದರೆ ಇನ್ನೂ ಒಳ್ಳೆಯದು. ಲೆಕ್ಕ ಹಾಕಿ ಆ ದಿನ ಗ್ರಹಣವಿತ್ತೋ ಇಲ್ಲವೋ ಹೇಳಿಬಿಡಬಹುದು. ಆದರೆ ಇಲ್ಲೂ ಎಚ್ಚರ ಬೇಕು. ಸಾಚಾ ಶಾಸನ ಬರೆದವನೂ ತಿಥಿ ತಪ್ಪಬಹುದು. ಚೆನ್ನಾಗಿ ಪಂಚಾಂಗ ಬಲ್ಲ ಮೋಸಗಾರ ತಪ್ಪಿಲ್ಲದೆ ಬರೆಯಬಹುದು. ಒಂದು ಪರೀಕ್ಷೆಯಲ್ಲಿ ನಪಾಸಾದರೆ ಸಾಕು ಎಂದೋ, ಪಾಸಾದರೆ ಸಾಕು ಎಂದೋ ಹೇಳುವಂತಿಲ್ಲ.

ಮೂರನೆಯದು ಒಳಗಿನ ಸಂಗತಿ. ಮಡಿಕೇರಿ ಪಟ ಸಿಕ್ಕಿಬಿದ್ದದ್ದು ಇದರಲ್ಲಿ. ಮೋಸಗಾರ ತನ್ನ ಕಾಲದ ಬಿರುದನ್ನೋ ಊರಿನ ಹೆಸರನ್ನೋ ಅರಿಯದೆ ಬಿಟ್ಟಿರುತ್ತಾನೆ. ಇನ್ನು ಪಟಗಳನ್ನು ಕಟ್ಟಿದ ಬಳೆ, ಅದರ ಮೇಲಿನ ಮುದ್ರೆ, ಬರಹದ ಕಾಗುಣಿತ, ಇವೆಲ್ಲ ಇವೆ.

ಈ ವಾದದಲ್ಲಿ ರೈಸ್ ಹಲವು ಕಡೆ ಸೋತರು. ನಂಜನಗೂಡು ತಾಲ್ಲೂಕಿನ ಒಂದು ಪಟದಲ್ಲಿ ಶಕ 25 ಎಂದಿತ್ತು. ಅಂದರೆ ಕ್ರಿ.ಶ. 103! ಅಂಥ ಇಸವಿಗಳಿಗೂ ಅವರು ಗಂಗರ ಇತಿಹಾಸದಲ್ಲಿ ಜಾಗ ಕೊಟ್ಟರು. ಇಂದು ಗಂಗರ ಆರಂಭವನ್ನು ನಾಲ್ಕನೆಯ ಶತಮಾನದ ನಡುವಿಗೆ ಇಡುತ್ತಾರೆ. ತಾನೇ ಊರೂರು ಅಲೆದು ತಂದ ವಸ್ತುವನ್ನು ಅನುಮಾನಿಸುವುದು ಯಾರಿಗೂ ಸುಲಭವಲ್ಲ. ಅದರ ಮೇಲೆ ಮಮತೆ ಬೆಳೆದಿರುತ್ತದೆ. ರೈಸರ ಬಗ್ಗೆ ಹೇಳಬೇಕಾದ ದೊಡ್ಡ ಮಾತು ಬೇರೆಯೇ ಇದೆ. ತಮಗೆ ಅನುಕೂಲವಾದದ್ದನ್ನಷ್ಟೇ ಅವರು ಅಚ್ಚು ಹಾಕಲಿಲ್ಲ. ಸಿಕ್ಕ ಶಾಸನಗಳ ಪಾಠವನ್ನು ಹಾಗೆಹಾಗೇ ಮುಂದಿಟ್ಟರು, ಎಷ್ಟೋ ಕಡೆ ಪಟಗಳ ಪ್ರತಿಕೃತಿಯನ್ನೂ ಕೊಟ್ಟರು. ಅವರನ್ನು ಖಂಡಿಸಲು ಬೇಕಾದ ಸಾಮಗ್ರಿಯನ್ನು ಫ್ಲೀಟರ ಕೈಗೆ ಒದಗಿಸಿದವರಲ್ಲಿ ರೈಸರೇ ಮುಖ್ಯರು. ತಪ್ಪು ತೀರ್ಮಾನ ಮಾಡಿದರೂ ಆಧಾರವನ್ನು ಬಚ್ಚಿಡದವನು ವಿದ್ಯೆಗೆ ದ್ರೋಹ ಮಾಡಿದಂತಾಗುವುದಿಲ್ಲ.

ಹಾಗಾದರೆ ಗೆದ್ದವರು ಫ್ಲೀಟರೇ? ಬಹುಕಾಲ ಹಾಗೆಂದೇ ತೋರಿತು. ಆದರೆ ಅವರ ವಾದದಲ್ಲೂ ಒಂದು ಜಿಗಿತವಿತ್ತು. 'ಈ ಪಟಗಳು ಖೊಟ್ಟಿ' ಎಂಬುದು ಒಂದು ಮಾತು. 'ಆದ್ದರಿಂದ ಆ ಅರಸರೂ ಇರಲಿಲ್ಲ' ಎಂಬುದು ಇನ್ನೊಂದು ಮಾತು. ಮೊದಲನೆಯದು ಸಿದ್ಧವಾದರೆ ಎರಡನೆಯದು ತಾನಾಗಿ ಸಿದ್ಧವಾಗುವುದಿಲ್ಲ. ಕಳ್ಳನೋಟು ಅಚ್ಚಾಗುವುದು ಒಳ್ಳೆಯ ನೋಟು ಚಲಾವಣೆಯಲ್ಲಿ ಇರುವುದರಿಂದಲೇ ಅಲ್ಲವೆ? ಅಕ್ಷರಗಳ ಪರೀಕ್ಷೆಯೂ ಅಷ್ಟೇ. ಅಂದು ಸಿಕ್ಕಿದ್ದ ಶಾಸನಗಳ ಮೇಲೆ ಎಳೆದ ಗಡಿರೇಖೆ ಹೊಸ ಶಾಸನ ಬಂದಾಗ ಜರುಗಬಹುದು.

ಹೊಸದು ಬಂದದ್ದು ಪೆನುಕೊಂಡದಿಂದ. ಈಗಿನ ಆಂಧ್ರಪ್ರದೇಶದಲ್ಲಿರುವ, ವಿಜಯನಗರದ ಅರಸರಿಗೆ ಮುಂದೆ ರಾಜಧಾನಿಯಾದ ಆ ಊರಿನಲ್ಲಿ ಗಂಗ ಮಾಧವನ ಒಂದು ತಾಮ್ರಪಟ ದೊರೆಯಿತು. ಲಿಪಿ ಹಳೆಯದು. ಅದರಲ್ಲಿ ಒಂದು ಬೆಲೆಯುಳ್ಳ ಸಂಗತಿಯಿತ್ತು: ಈ ಮಾಧವನಿಗೆ ಪಟ್ಟ ಕಟ್ಟಿದವನು ಪಲ್ಲವರ ಸ್ಕಂದವರ್ಮ, ಅವನ ತಂದೆಗೆ ಪಟ್ಟ ಕಟ್ಟಿದವನು ಪಲ್ಲವರ ಸಿಂಹವರ್ಮ. ಇದೇ ಹೊತ್ತಿಗೆ 'ಲೋಕವಿಭಾಗ' ಎಂಬ ಜೈನ ಗ್ರಂಥದ ಕೊನೆಯಲ್ಲಿರುವ ಕಾಲಸೂಚನೆ ವಿದ್ವಾಂಸರ ಗಮನಕ್ಕೆ ಬಂದಿತ್ತು. ಕಂಚಿಯ ಸಿಂಹವರ್ಮನ ಆಳ್ವಿಕೆಯ 22ನೆಯ ವರ್ಷ, ಶಕ 380, ಅಂದರೆ ಕ್ರಿ.ಶ. 458 ಎಂದು ಅದು ಹೇಳುತ್ತದೆ. ಗ್ರಂಥ ಬರೆದವನಿಗೆ ಗಂಗರ ಜಮೀನಿನ ಗೊಡವೆಯಿರಲಿಲ್ಲ. ಪಟ ಬರೆಸಿದವನಿಗೆ ಈ ಗ್ರಂಥದ ಗೊಡವೆಯಿರಲಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಾಕ್ಷಿಗಳು ಒಂದೇ ಕಾಲಕ್ಕೆ ಬೆರಳು ತೋರಿಸುತ್ತಿದ್ದವು.

ಆಗ ಫ್ಲೀಟ್ ಏನು ಮಾಡಬಹುದಿತ್ತು? ಸೇವೆಯಿಂದ ನಿವೃತ್ತರಾಗಿ ಇಂಗ್ಲೆಂಡಿಗೆ ಹೋಗಿ ವರ್ಷಗಳೇ ಕಳೆದಿದ್ದವು. ವಯಸ್ಸು ಅರವತ್ತೇಳು ದಾಟಿತ್ತು. ಅವರ ಮಾತಿಗೆ ಎದುರಾಡುವವರು ಹೆಚ್ಚಿರಲಿಲ್ಲ. ಸುಮ್ಮನಿದ್ದರೂ ಯಾರೂ ಕೇಳುತ್ತಿರಲಿಲ್ಲ. ಪಟದಲ್ಲಿ ಏನಾದರೊಂದು ಕೊಂಕು ಹುಡುಕಿ, ಇದೂ ಖೊಟ್ಟಿ ಎಂದಿದ್ದರೂ ನಡೆಯುತ್ತಿತ್ತು. ಅವರು 1915ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನ ಬರೆದರು. ಪೆನುಕೊಂಡದ ಪಟ ಸಾಚಾ, ಅದರ ಕಾಲ ಸುಮಾರು ಕ್ರಿ.ಶ. 475 ಎಂದರು. ಐದನೆಯ ಶತಮಾನದಲ್ಲಿ ಗಂಗರು ಆಳುತ್ತಿದ್ದರು ಎಂಬುದು ಈ ಮಾತಿನೊಂದಿಗೆ ಸ್ಥಿರವಾಯಿತು. ದಶಕಗಳಿಂದ ತಾವು ಇಲ್ಲವೆಂದು ಹೇಳಿಕೊಂಡು ಬಂದದ್ದನ್ನು ಇದೆ ಎಂದು ಜಗತ್ತಿಗೆ ಹೇಳಿದವರು ಸ್ವತಃ ಫ್ಲೀಟ್. ಎರಡು ವರ್ಷದ ನಂತರ, 1917ರಲ್ಲಿ ತೀರಿಕೊಂಡರು. ಆ ಪಟವನ್ನು 'ಎಪಿಗ್ರಾಫಿಯ ಇಂಡಿಕ'ದಲ್ಲಿ ಸಂಪಾದಿಸಿ ಪ್ರಕಟಿಸಿದವರು ಯಾರು ಗೊತ್ತೆ? ಅವರ ಹಳೆಯ ಎದುರಾಳಿ ರೈಸ್.

ಒಂದನ್ನು ಗಮನಿಸಬೇಕು. ಪೆನುಕೊಂಡದ ಪಟ ಸಾಚಾ ಎಂದ ಮಾತ್ರಕ್ಕೆ ಫ್ಲೀಟ್ ಉಳಿದ ಪಟಗಳನ್ನೆಲ್ಲ ಒಪ್ಪಿಬಿಡಲಿಲ್ಲ. ಮಡಿಕೇರಿಯದು ಖೊಟ್ಟಿಯಾಗಿಯೇ ಉಳಿಯಿತು. ತಪ್ಪು ಒಪ್ಪಿಕೊಳ್ಳುವುದು ಎಂದರೆ ಎಷ್ಟು ತಪ್ಪೋ ಅಷ್ಟನ್ನು ಮಾತ್ರ ಒಪ್ಪಿಕೊಳ್ಳುವುದು. ಈಗ ವಿವಾದ ಬಂದಾಗ ಒಂದೋ ಹಟ, ಇಲ್ಲವೇ ಪೂರ್ತಿ ಕ್ಷಮಾಪಣೆ ಎರಡೇ ದಾರಿ ಎಂದು ತಿಳಿದವರಿಗೆ ಈ ಸೂಕ್ಷ್ಮ ಹಿಡಿಸಲಿಕ್ಕಿಲ್ಲ.

ಈ ದೊಡ್ಡವರ ಜಗಳದಲ್ಲಿ ಮರೆಯಾದವರೂ ಇದ್ದಾರೆ. ಒಂಬತ್ತು ಸಾವಿರ ಶಾಸನಗಳನ್ನು ಒಬ್ಬರೇ ಓದಲು ಸಾಧ್ಯವಿಲ್ಲ. ಬಿಸಿಲಿನಲ್ಲಿ ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆದವರು ಇಲಾಖೆಯ ಕೆಳಗಿನ ನೌಕರರು. ಓದಿಗೆ ನೆರವಾದವರು ಇಲ್ಲಿಯ ಪಂಡಿತರು. ಸಂಪುಟದ ಬೆನ್ನ ಮೇಲೆ ಇರುವುದು ರೈಸರ ಹೆಸರು. 1899ರಿಂದ ಅವರ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರು 1906ರಲ್ಲಿ ಅವರ ಜಾಗಕ್ಕೆ ಬಂದಿದ್ದರಿಂದ ಅವರ ಹೆಸರು ಉಳಿಯಿತು. ಉಳಿದವರದು? ಈಗಿನ ಪ್ರಬಂಧಗಳ ಮೊದಲ ಪುಟದ ಕೃತಜ್ಞತೆಯಲ್ಲಿ ಕುಲಪತಿಗಳಿಂದ ಹಿಡಿದು ಬೆರಳಚ್ಚು ಮಾಡಿದವರವರೆಗೆ ಹೆಸರುಗಳಿರುತ್ತವೆ. ಮೂರು ದಿನ ಜೊತೆಗೆ ಅಲೆದು ವೀರಗಲ್ಲು ತೋರಿಸಿದ ಕುರಿಗಾಹಿಯ ಹೆಸರು ಎಷ್ಟರಲ್ಲಿದೆ ಎಂದು ಒಮ್ಮೆ ಎಣಿಸಿ ನೋಡಿ.

ನರಸಿಂಹಾಚಾರ್ಯರ ಹೆಸರು ಬಂದದ್ದರಿಂದ ಇನ್ನೊಂದು ಸಂಗತಿ. ಶ್ರವಣಬೆಳಗೊಳದ ಶಾಸನಗಳನ್ನು ರೈಸ್ 1889ರಲ್ಲಿ ಪ್ರಕಟಿಸಿದಾಗ ಅದರಲ್ಲಿ 144 ಶಾಸನಗಳಿದ್ದವು. ನರಸಿಂಹಾಚಾರ್ಯರು ಮತ್ತೆ ಹುಡುಕಿ 1923ರಲ್ಲಿ ಪರಿಷ್ಕರಿಸಿ ತಂದಾಗ 500 ಆದವು. ಮೈಸೂರು ವಿಶ್ವವಿದ್ಯಾಲಯ 1973ರಲ್ಲಿ ಮತ್ತೊಮ್ಮೆ ತಂದಾಗ 573. ಬೆಟ್ಟ ಅದೇ, ಬಂಡೆ ಅದೇ! 'ಈ ವಿಷಯದ ಮೇಲೆ ಆಗಲೇ ಕೆಲಸವಾಗಿದೆ' ಎಂದು ಮುಖ ಸಣ್ಣ ಮಾಡಿಕೊಂಡು ಬರುವ ವಿದ್ಯಾರ್ಥಿಗಳಿಗೆ ಈ ಮೂರು ಅಂಕಿಗಳನ್ನು ತೋರಿಸಬೇಕು. ಇತ್ತೀಚೆಗೆ ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸಿದೆ. ಬರಿಗಣ್ಣಿಗೆ ಸವೆದುಹೋದಂತೆ ಕಾಣುವ ಅಕ್ಷರಗಳು ಕಂಪ್ಯೂಟರಿನ ಪರದೆಯ ಮೇಲೆ ಎದ್ದು ಬರುತ್ತವೆ.

ಖೊಟ್ಟಿ ದಾಖಲೆ ರಾಜರ ಕಾಲಕ್ಕೆ ಮುಗಿಯಿತು ಎನ್ನುವಂತಿಲ್ಲ. 1989ರಲ್ಲಿ ಆಸ್ಟ್ರೇಲಿಯಾದ ಭೂವಿಜ್ಞಾನಿ ಜಾನ್ ಟ್ಯಾಲೆಂಟ್ 'ನೇಚರ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಪಂಜಾಬ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಎರಡು ದಶಕಕ್ಕೂ ಹೆಚ್ಚು ಕಾಲ ಹಿಮಾಲಯದಲ್ಲಿ ಸಿಕ್ಕವೆಂದು ಪ್ರಕಟಿಸುತ್ತ ಬಂದ ಪಳೆಯುಳಿಕೆಗಳಲ್ಲಿ ಅನೇಕವು ಹಿಮಾಲಯದವೇ ಅಲ್ಲ, ಮೊರಾಕೊದಂಥ ದೂರದ ದೇಶಗಳವು ಎಂಬುದು ಅವರ ಆರೋಪ. ಜಗತ್ತಿನಾದ್ಯಂತ ಅದು ಸುದ್ದಿಯಾಯಿತು. ಕಾಲು ಶತಮಾನದ ಹಿಮಾಲಯದ ಭೂವಿಜ್ಞಾನದ ಮೇಲೇ ನೆರಳು ಬಿತ್ತು. ಆ ಲೇಖನಗಳನ್ನು ನಂಬಿ ಮುಂದಿನ ಕೆಲಸ ಮಾಡಿದ್ದ ಎಷ್ಟೋ ಜನ ತಮ್ಮದೇನೂ ತಪ್ಪಿಲ್ಲದೆ ಪೇಚಿಗೆ ಸಿಕ್ಕಿದರು. ಮಡಿಕೇರಿ ಪಟದ ಮೇಲೆ ಕುಂದಕುಂದರ ಕಾಲವನ್ನು ಕಟ್ಟಿದವರಿಗೆ ಆದದ್ದೂ ಇದೇ. ವಸ್ತು ಎಲ್ಲಿ ಸಿಕ್ಕಿತು, ಯಾರ ಮುಂದೆ, ಯಾವ ದಿನ, ಮತ್ತೊಬ್ಬರು ಹೋದರೆ ಆ ಜಾಗ ಸಿಗುತ್ತದೆಯೆ ಎಂಬ ಸಪ್ಪೆ ವಿವರಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಿ ಎಂದು ಮಾರ್ಗದರ್ಶಕರು ಪೀಡಿಸುವುದು ಇದಕ್ಕಾಗಿ.

ಈಗ ಕೃತಿಚೌರ್ಯಕ್ಕೆ ಕಾಯಿದೆ ಬಂದಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳ ಪ್ರಕಾರ ಪ್ರಬಂಧದಲ್ಲಿ ಬೇರೆಡೆಯ ಬರಹದೊಂದಿಗೆ ಹೋಲಿಕೆ ಶೇಕಡಾ 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40 ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು. 40ರಿಂದ 60 ಇದ್ದರೆ ಒಂದು ವರ್ಷ ತಡೆ. 60 ದಾಟಿದರೆ ನೋಂದಣಿಯೇ ರದ್ದು. ನಿಯಮ ಬೇಕೇ ಬೇಕು. ಆದರೆ ಇದರಿಂದ ಒಂದು ವಿಚಿತ್ರ ಮನೋಭಾವವೂ ಹುಟ್ಟಿದೆ. ಹೋಲಿಕೆಯನ್ನು ಹತ್ತರೊಳಗೆ ಇಳಿಸಲು ವಾಕ್ಯಗಳನ್ನು ತಿರುಚಿ ಬರೆಯುವುದೇ ಪ್ರಾಮಾಣಿಕತೆ ಎಂದು ಕೆಲವರು ತಿಳಿದಂತಿದೆ. ಮತ್ತೊಬ್ಬರ ವಿಚಾರವನ್ನು ಪದ ಬದಲಿಸಿ ತನ್ನದೆಂದು ಬರೆದುಕೊಂಡರೆ ಯಂತ್ರ ಸೊನ್ನೆ ತೋರಿಸಬಹುದು. ಹಳೆಯ ಪಟದ ಒಕ್ಕಣೆಯನ್ನೇ ಹೊಸ ತಾಮ್ರಕ್ಕೆ ಇಳಿಸುತ್ತಿದ್ದ ಪಂಡಿತನೂ ಇದೇ ಜಾಣತನ ತೋರಿಸುತ್ತಿದ್ದ. ಕೇಳಿದ ಇಸವಿಯನ್ನೂ ಉಲ್ಲೇಖವನ್ನೂ ತಡವರಿಸದೆ ಹೆಣೆದುಕೊಡುವ ಕಂಪ್ಯೂಟರ್ ತಂತ್ರಾಂಶಗಳು ಬಂದಿರುವ ಈ ದಿನಗಳಲ್ಲಿ, ಅಡಿಟಿಪ್ಪಣಿಯಲ್ಲಿರುವ ಪುಸ್ತಕ ನಿಜವಾಗಿ ಇದೆಯೆ ಎಂದು ಕಪಾಟಿನ ಮುಂದೆ ನಿಂತು ನೋಡುವ ಅಭ್ಯಾಸ ಮತ್ತೆ ಬರಬೇಕಾಗಿದೆ.

ಪತ್ರಿಕೆಗಳೂ ಇದರಲ್ಲಿ ನಿರ್ದೋಷಿಗಳಲ್ಲ. ಯಾರಾದರೂ ಶಾಸನ ಸಿಕ್ಕಿತೆಂದರೆ ವರದಿಗಾರರ ಮೊದಲ ಪ್ರಶ್ನೆ 'ಇದೇ ಅತಿ ಪ್ರಾಚೀನವೇ?' ಎಂದು. ಹಲ್ಮಿಡಿ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಎಂ.ಎಚ್. ಕೃಷ್ಣ. ಅದರಲ್ಲಿ ಇಸವಿಯಿಲ್ಲ. ಲಿಪಿ, ಭಾಷೆ, ಉಲ್ಲೇಖಗೊಂಡ ಕದಂಬ ಅರಸ ಇವುಗಳ ಆಧಾರದ ಮೇಲೆ ಸುಮಾರು 450 ಎಂದು ಹೇಳಲಾಗಿದೆ; ಆ 'ಸುಮಾರು' ಪಠ್ಯಪುಸ್ತಕದಲ್ಲಿ ಬಹಳ ದಿನ ಬಾಳುವುದಿಲ್ಲ. ತಾಳಗುಂದದಲ್ಲಿ 2013ರ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನ ಶಾಸನಕ್ಕೆ 370 ಎಂದು ಪುರಾತತ್ವ ಇಲಾಖೆಯವರು ಕಾಲ ಹೇಳಿದ್ದಾರೆ. ಅದು ನಿಂತರೆ ಸಂತೋಷ. ನಿಲ್ಲದಿದ್ದರೆ ಕನ್ನಡ ಚಿಕ್ಕದಾಗುವುದಿಲ್ಲ. 'ಬೆಂದ ಕಾಳೂರು' ಎಂದು ಹೊಯ್ಸಳ ವೀರಬಲ್ಲಾಳನಿಂದ ಬೆಂಗಳೂರಿಗೆ ಹೆಸರು ಬಂತೆಂಬ ಕತೆ ಎಲ್ಲರಿಗೂ ಪ್ರಿಯ. ಆದರೆ ಅವನಿಗೆ ಸುಮಾರು ಮುನ್ನೂರು ವರ್ಷ ಮೊದಲೇ ಬೇಗೂರಿನ ವೀರಗಲ್ಲೊಂದು ಬೆಂಗಳೂರಿನ ಕಾಳಗದ ಮಾತನಾಡುತ್ತದೆ. ಕತೆ ಇನ್ನೂ ನಡೆಯುತ್ತಿದೆ. ಕಲ್ಲನ್ನು ನೋಡಿದವರು ಕಡಿಮೆ.

ಮತ್ತೆ ಮಡಿಕೇರಿಯ ಪಟಕ್ಕೆ ಬರೋಣ. ಖೊಟ್ಟಿಯೆಂದು ತೀರ್ಮಾನವಾದೊಡನೆ ಅದನ್ನು ಎಸೆದುಬಿಡಬೇಕೆ? ಅವಿನೀತನ ಬಗ್ಗೆ ಅದು ಹೇಳುವುದನ್ನು ನಂಬಲಾಗದು, ಸರಿ. ಅದನ್ನು ಬರೆಸಿದವರ ಕಾಲಕ್ಕೆ ಅದು ನಿಜವಾದ ಸಾಕ್ಷಿ. ರಾಷ್ಟ್ರಕೂಟರ ಕಾಲದಲ್ಲಿ ತಲಕಾಡಿನ ಬಸದಿಯೊಂದಕ್ಕೆ ಹಳೆಯ ಗಂಗ ಅರಸನ ಹೆಸರು ಹೇಳಿಕೊಳ್ಳುವ ಅಗತ್ಯ ಏಕೆ ಬಂತು? ಬದಣೆಗುಪ್ಪೆಯ ಮೇಲೆ ಯಾರು ಕಣ್ಣು ಹಾಕಿದ್ದರು? ಮೊದಲೊಂದು ಸಾಚಾ ಪಟವಿದ್ದು, ಅದು ಹಾಳಾದ ಮೇಲೆ ನೆನಪಿನಿಂದ ಬರೆಸಿದ್ದೇ? ತಲಕಾಡಿನದೆಂದು ಹೇಳುವ ಪಟ ಕೊಡಗಿಗೆ ಯಾವಾಗ, ಯಾರ ಕೈಯಲ್ಲಿ ಹೋಯಿತು? ಫ್ಲೀಟ್ ಮತ್ತು ರೈಸ್ ಇಬ್ಬರಿಗೂ ಈ ಪ್ರಶ್ನೆಗಳ ಮೇಲೆ ಹೆಚ್ಚು ಆಸಕ್ತಿಯಿರಲಿಲ್ಲ. ಅವರಿಗೆ ಅರಸರ ಸರದಿ ಮುಖ್ಯವಾಗಿತ್ತು.

ಗಂಗರ ಶಾಸನಗಳನ್ನೆಲ್ಲ ಕೆ.ವಿ. ರಮೇಶ್ ಅವರು 1984ರಲ್ಲಿ ಒಂದೇ ಸಂಪುಟದಲ್ಲಿ ತಂದಿದ್ದಾರೆ. ಗ್ರಂಥಾಲಯದಲ್ಲಿ ಕೂತು ಪಾಠ ನೋಡುವುದು ಈಗ ಕಷ್ಟವಲ್ಲ. ಪಟದ ಕನ್ನಡ ಭಾಗ ಊರಿನ ಎಲ್ಲೆಗಳನ್ನು ಹೇಳುತ್ತದೆ. ಅದೇ ಹೆಸರಿನ ಊರು ಚಾಮರಾಜನಗರದ ಹತ್ತಿರ ಇವತ್ತಿಗೂ ಇದೆ. ಮೈಸೂರಿನಿಂದ ಹೋಗುವ ರೈಲು ಅಲ್ಲಿ ನಿಲ್ಲುತ್ತದೆ. ಸರ್ಕಾರ ಅಲ್ಲಿ ಕೈಗಾರಿಕಾ ಪ್ರದೇಶ ಮಾಡಿರುವುದರಿಂದ ಹಳೆಯ ಹೊಲ, ದಿಣ್ಣೆ, ಗಡಿಗಳ ಗುರುತು ಬೇಗ ಬೇಗ ಅಳಿಯುತ್ತಿದೆ. ಪಟದಲ್ಲಿ ಬರುವ ಹೆಸರುಗಳಲ್ಲಿ ಎಷ್ಟು ಇನ್ನೂ ಅಲ್ಲಿಯ ಮುದುಕರ ಬಾಯಲ್ಲಿವೆ ಎಂದು ಕೇಳಲು ಹೊರಡುವವರು, ಬೆಳಗಿನ ರೈಲಿಗೇ ಹೋಗುವುದು ಒಳ್ಳೆಯದು. ಹೊಲದ ಕೆಲಸಕ್ಕೆ ಜನ ಹೊರಡುವ ಮುಂಚೆ ಸಿಗುತ್ತಾರೆ.